ಅವಳ ಮಸಿ

ನಮ್ಮ ಡ್ರಾಯಿಂಗ್ ಸರ್ ಮನೆಯ ಪಡಸಾಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ, ಚೌಕಟ್ಟು ಕಟ್ಟಿ ಕಾಜು, ಅಂದರೆ ಗಾಜು, ಹಾಕಿದ ಒಂದು ಬರಹ ತೂಗುತ್ತದೆ. ಉರ್ದು. ನನಗೆ ಓದಲು ಬರುವುದಿಲ್ಲ. ಓದಲು ಬಾರದಿದ್ದರೇನಾಯಿತು, ಟಾಕು ಹಿಡಿದು ಅನ್ನ ಉಣ್ಣುವವಳಿಗೆ ಗೆರೆ ನೋಡಿದರೆ ಸಾಕು, ಕೈ ಎಂಥದು ಎಂದು ತಿಳಿಯುತ್ತದೆ. ದಪ್ಪ ಗೆರೆ ತೆಳುವಾಗುತ್ತ ಹೋಗಿ ಮುಗಿಯುವ ಜಾಗದಲ್ಲಿ ಒಂದು ಕೂದಲೆಳೆಯಷ್ಟೂ ಮಸಿ ಹರಡಿಲ್ಲ. ಬರೆದವಳು ಹಳಿಯಾಳದ ಉರ್ದು ಶಾಲೆಯ ಟೀಚರು. ಅದೇ ಸರ್ ಹತ್ತಿರ ಅವಳಿಗಿಂತ ಆರೇಳು ವರ್ಷ ಮೊದಲು ಕಲಿತವಳು ನಾನು. ಇದೇ ದಾಂಡೇಲಿಯಲ್ಲಿ ಇರುವವಳು, ಹಬ್ಬ ಬಂದರೆ ಅವರ ಮನೆಗೆ ಹೋಳಿಗೆ ಮುಟ್ಟಿಸುವವಳು. ನನ್ನದೊಂದು ಅಕ್ಷರವೂ ಆ ಗೋಡೆಯ ಮೇಲಿಲ್ಲ. ಹೋದಾಗಲೆಲ್ಲ ಬೇಕೆಂದೇ ಗಡಿಯಾರಕ್ಕೆ ಬೆನ್ನು ಮಾಡಿ ಕೂರುತ್ತೇನೆ.

ಟಾಕು ಎಂದರೆ ಕಟ್ಟಿಗೆಯ ಹಿಡಿಕೆಗೆ ಉಕ್ಕಿನ ನಿಬ್ಬು ಸಿಕ್ಕಿಸಿ, ದೌತಿಯ ಮಸಿಯಲ್ಲಿ ಅದ್ದಿ ಅದ್ದಿ ಬರೆಯುವ ಲೇಖನಿ. ನಾನು ಅದರಲ್ಲಿ ಮಾನಪತ್ರ ಬರೆಯುತ್ತೇನೆ, ಶಾಲೆಗಳ ಪ್ರಮಾಣಪತ್ರಗಳಲ್ಲಿ ಹೆಸರು ತುಂಬುತ್ತೇನೆ. ಈ ಮಳೆಗಾಲ ಸರ್‌ಗೆ ಎಂಬತ್ತು ತುಂಬಿತು. ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಶ್ರಾವಣದ ಕೊನೆಯ ಭಾನುವಾರ ಸತ್ಕಾರ ಇಟ್ಟುಕೊಂಡರು. ಅದರ ಮುಂದಾಳತ್ವ ವಹಿಸಿದ್ದು ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜ್ ಇಟ್ಟಿರುವ, ನಾವೆಲ್ಲ ಭಾಯಿ ಎಂದು ಕರೆಯುವ ಹಳೆ ವಿದ್ಯಾರ್ಥಿ. ಒಂದು ಬೆಳಿಗ್ಗೆ ಗ್ರೀಸು ಮೆತ್ತಿದ ಕೈಯಲ್ಲೇ ಮನೆಗೆ ಬಂದ.

"ಅಕ್ಕಾ, ಸರ್ ಮಾನಪತ್ರ ನೀವೇ ಬರೀಬೇಕು ನೋಡ್ರಿ," ಅಂದ.

ನನ್ನ ಎದೆ ಅರಳಿತು. ಸರ್ ನನ್ನನ್ನು ಹೊಗಳಿದ್ದೇ ಇಲ್ಲ. ಶಾಲೆಯಲ್ಲಿದ್ದಾಗ ಎಷ್ಟು ಚೆನ್ನಾಗಿ ಬರೆದು ತೋರಿಸಿದರೂ "ಹೂಂ, ನಡೀತೈತಿ" ಅನ್ನುತ್ತಿದ್ದರು, ಅಷ್ಟೇ. ಈ ಒಂದು ಹಾಳೆ ನೋಡಿ ಅವರು ಒಂದೇ ಒಂದು ಸಲ "ಛಲೋ ಆಗೈತಿ" ಅಂದರೆ ಸಾಕು, ಗೋಡೆಯ ಮೇಲೆ ಯಾರದ್ದು ಬೇಕಾದರೂ ತೂಗಲಿ ಎಂದುಕೊಂಡೆ.

ಅಷ್ಟರಲ್ಲಿ ಭಾಯಿ ತಲೆ ಕೆರೆದುಕೊಂಡ. "ಅರ್ಧ ನೀವು, ಅರ್ಧ ಹಳಿಯಾಳದ ಟೀಚರು. ಸರ್ ಕನ್ನಡ, ಉರ್ದು ಎರಡೂ ವಿಭಾಗಕ್ಕ ಕಲಿಸ್ಯಾರಲ್ರಿ. ಒಂದಽ ಹಾಳಿ. ಎಡಕ್ಕ ಕನ್ನಡ, ಬಲಕ್ಕ ಉರ್ದು. ಜಗಳ ಮಾಡಬ್ಯಾಡ್ರಿ ಮತ್ತ."

"ನಾ ಯಾಕ ಜಗಳ ಮಾಡ್ಲಿ? ನನಗೇನ್ ಹುಚ್ಚೇನು?" ಅಂದೆ. ಅವನು ಹೋದ ಮೇಲೆ ಚಹಾದ ಪಾತ್ರೆಯನ್ನು ಎಷ್ಟು ಜೋರಾಗಿ ತಿಕ್ಕಿದೆನೆಂದರೆ ಹಿಡಿಕೆಯೇ ಕಿತ್ತು ಬಂತು.

ಒಂದೇ ಹಾಳೆ ಎಂದರೆ ಒಂದೇ ಮಸಿ ಬೇಕು. ಅಲ್ಲೇ ತೊಡಕು ಶುರುವಾದದ್ದು. ನಾನು ಬಳಸುವುದು ಬಾಟಲಿಯಲ್ಲಿ ಬರುವ, ಅರಗು ಬೆರೆಸಿದ ಕಪ್ಪು ಮಸಿ. ಒಣಗಿದ ಮೇಲೆ ಹೊಳೆಯುತ್ತದೆ, ನೀರಿಗೆ ಜಗ್ಗುವುದಿಲ್ಲ. ಅವಳದು ಮನೆಯಲ್ಲೇ ಮಾಡಿದ ದೀಪದ ಕಪ್ಪಿನ ಮಸಿ. ಎಳ್ಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಹಿಡಿದು ಕಾಡಿಗೆ ಕೂಡಿಸಿ, ಜಾಲಿಯ ಗೋಂದಿನ ನೀರಿನಲ್ಲಿ ದಿನಗಟ್ಟಲೆ ಅರೆಯುವುದು. ಅದು ಹೊಳೆಯುವುದಿಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಒಂದು ಕಡೆ ಬೂಟು ಪಾಲಿಶು, ಇನ್ನೊಂದು ಕಡೆ ಮಖಮಲ್ಲು. ಬೂಟು ಪಾಲಿಶು ನಂದು ಎಂದು ಹೇಳಬೇಕಿಲ್ಲ. ನನ್ನ ಮಸಿಯನ್ನು ಅವಳಿಗೆ ಕೊಡೋಣವೆಂದರೆ ಅವಳು ಬರೆಯುವುದು ಬೊರು ಎಂಬ ಜೊಂಡಿನ ಕಡ್ಡಿ ಕೆತ್ತಿದ ಕಲಮಿನಲ್ಲಿ. ಅರಗಿನ ಮಸಿ ಅದರ ಸೀಳಿನಲ್ಲಿ ಎರಡು ಸಾಲಿಗೇ ಗಟ್ಟಿಯಾಗಿ ಕೂರುತ್ತದೆ. ಅಂದರೆ ನಾನೇ ಅವಳ ಮಸಿಯಲ್ಲಿ ಬರೆಯಬೇಕು. ಸರ್ ಸತ್ಕಾರಕ್ಕೆ, ಅವಳ ಮಸಿಯಲ್ಲಿ, ನಾನು!

ಅದಕ್ಕೇ ಮೂರನೆಯ ಮಸಿ ಮಾಡಲು ಹೊರಟೆ. ನಿಬ್ಬಿಗೂ ಕಲಮಿಗೂ ಹೊಂದಬೇಕು, ಹೊಳೆಯಬಾರದು, ನೀರಿಗೂ ಜಗ್ಗಬಾರದು, ಎಲ್ಲಕ್ಕಿಂತ ಹೆಚ್ಚಾಗಿ ನನ್ನದಾಗಿರಬೇಕು. ಅಳಲೆಕಾಯಿಯ ಮಸಿ. ಹಳೆಯ ಲೆಕ್ಕದ ಪುಸ್ತಕಗಳನ್ನು ಇದರಲ್ಲೇ ಬರೆಯುತ್ತಿದ್ದರೆಂದು ಸರ್ ಒಮ್ಮೆ ತರಗತಿಯಲ್ಲಿ ಹೇಳಿದ್ದು ನೆನಪಿತ್ತು. ಹೇಗೆ ಮಾಡುವುದೆಂದು ಅವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅವರು ಅವಳ ಮಸಿಯನ್ನು ಹೊಗಳಿಯಾರು ಎಂಬ ಹೆದರಿಕೆ.

ಜೋಯಿಡಾ ಕಡೆ ಕಾಡಿನಲ್ಲಿ ಅಳಲೆಕಾಯಿ ಆರಿಸಿ ಒಣಗಿಸಿ ಇಟ್ಟಿರುತ್ತಾರೆ. ಕುಂಬಾರವಾಡದ ಬಸ್ಸು ಹಿಡಿದು ಹೋಗಿ, ಮರಳುವ ಬಸ್ಸಿಗೆ ಮೂರು ತಾಸು ಮಳೆಯಲ್ಲಿ ನಿಂತು, ಒಂದು ಚೀಲ ತಂದೆ. ಬೀಜ ಬಿಟ್ಟು ಸಿಪ್ಪೆಯನ್ನಷ್ಟೇ ಕುಟ್ಟಿ, ಮೂರು ದಿನ ನೀರಲ್ಲಿ ನೆನೆಹಾಕಿ, ಹಳೆಯ ಧೋತರದಲ್ಲಿ ಸೋಸಿದೆ. ಚಹಾದ ಬಣ್ಣದ ರಸ. ಅದಕ್ಕೆ ಅನ್ನಭೇದಿ, ಅಂದರೆ ನಾಟಿ ಔಷಧದ ಅಂಗಡಿಯಲ್ಲಿ ಸಿಗುವ ಹಸಿರು ಹರಳಿನ ಕಬ್ಬಿಣದ ಉಪ್ಪು, ಕರಗಿಸಿದೆ. ಕಣ್ಣೆದುರೇ ರಸ ಕಪ್ಪಿಗೆ ತಿರುಗಿತು. ಸ್ವಲ್ಪ ಗೋಂದು, ಬೂಸ್ಟು ಹಿಡಿಯದಿರಲೆಂದು ನಾಲ್ಕು ಲವಂಗ.

ಹೊಸ ನಿಬ್ಬಿಗೆ ಎಣ್ಣೆ ಸವರಿರುತ್ತದೆ. ಬಟಾಟೆಯೊಳಗೆ ಹತ್ತು ಸಲ ಚುಚ್ಚಿ ತೆಗೆದರೆ ಹೋಗುತ್ತದೆ. ಹಾಗೆ ಮಾಡಿ ಬರೆದು ನೋಡಿದೆ. ಬೂದಿ ಬಣ್ಣ! ಈ ಮಸಿಯ ಗುಣವೇ ಹಾಗೆ. ಬರೆದಾಗ ತೆಳು, ಗಾಳಿ ತಾಗಿ ಒಂದು ದಿನ ಕಳೆದ ಮೇಲೆ ಕಪ್ಪು. ಮರುದಿನ ಕಪ್ಪಾಯಿತು ನಿಜ, ಆದರೆ ಅವಳ ಕಪ್ಪಿನ ಮುಂದೆ ಅದು ಕಪ್ಪೇ ಅಲ್ಲ. ತಡೆಯಲಾಗದೆ ಮಸಿಯನ್ನು ಸ್ಟೀಲಿನ ಬೋಗಣಿಯಲ್ಲಿ ಕುದಿಯಲು ಇಟ್ಟೆ.

ಆಗಲೇ ಪಕ್ಕದ ಮನೆಯ ವೈನಿ ಬಂದದ್ದು. ನಾವಿರುವ ಮಿಲ್ಲಿನ ಚಾಳಿನ ಸಾಲುಮನೆಗಳಲ್ಲಿ ಯಾರ ಮನೆಯ ಒಲೆಯ ಮೇಲೆ ಏನಿದೆ ಎಂದು ಎಲ್ಲರಿಗೂ ಬೇಕು.

"ಏನವಾ, ತಲಿಗೆ ಹಚ್ಚೋ ಬಣ್ಣ ಏನು? ಸ್ಟೀಲಿನ ಬೋಗಣ್ಯಾಗ ಕುದಿಸಿದ್ರ ಹೆಂಗ ಕರ್ರಗ ಆಕ್ಕೈತಿ? ಕಬ್ಬಿಣದ ಕಡಾಯಿಗೆ ಹಾಕು, ನೋಡಕೀಯಂತ."

ಹೌದಲ್ಲ! ತಲೆಗೆ ಹಚ್ಚುವ ಮೆಹಂದಿಯನ್ನು ನಾವೆಲ್ಲ ಕಬ್ಬಿಣದ ಕಡಾಯಿಯಲ್ಲೇ ನೆನೆಹಾಕುತ್ತೇವೆ, ಕಪ್ಪು ಏರಲಿ ಎಂದು. ಬಜ್ಜಿ ಕರಿಯುವ ಕಡಾಯಿ ತೊಳೆದು ಮಸಿ ಸುರಿದೆ. ಸಾಲದ್ದಕ್ಕೆ ಇನ್ನಷ್ಟು ಅನ್ನಭೇದಿ ಹಾಕಿ ಎರಡು ದಿನ ಬಿಟ್ಟು, ಕುದಿಸಿ ಇಳಿಸಿದೆ. ಆಹಾ, ಏನು ಕಪ್ಪು! ನಿಬ್ಬು ಬಿಟ್ಟು ಇಳಿಯುತ್ತಲೇ ಕಪ್ಪು. ಕಾಗದದ ಮೇಲೆ ಕೂರದೆ ಒಳಗಿಳಿದು ಹಿಡಿದುಕೊಂಡಿತು. ಹೊಳಪಿಲ್ಲ, ಹರಡಲಿಲ್ಲ. ವೈನಿಗೆ ಅವತ್ತು ಉಪ್ಪಿಟ್ಟು ಮಾಡಿ ತಿನ್ನಿಸಿದೆ.

ಮಸಿ ಆರಿಸಲು ಭಾಯಿಯ ಗ್ಯಾರೇಜಿನಲ್ಲಿ ಕೂಡಿದೆವು. ಹಳಿಯಾಳದಿಂದ ಟೀಚರು ಬಂದಳು. ನನಗಿಂತ ಕುಳ್ಳಗೆ, ತೆಳ್ಳಗೆ, ಬುರ್ಖಾದ ತೋಳಿಗೆ ಸೀಮೆಸುಣ್ಣದ ಪುಡಿ. ನನ್ನನ್ನು ಕಂಡ ತಕ್ಷಣ "ಅಕ್ಕಾರ, ಆರಾಮದೀರೇನ್ರಿ?" ಎಂದು ಕೈ ಹಿಡಿದಳು. ಆ ಬೆರಳಿನಲ್ಲಿ ಮಸಿಯ ಒಂದು ಕಲೆಯೂ ಇರಲಿಲ್ಲ. ಅದೂ ಒಂದು ಸಿಟ್ಟು. ನನ್ನ ಉಗುರುಗಳು ವಾರದಿಂದ ಕಪ್ಪಾಗಿದ್ದವು.

ಇಬ್ಬರ ಮಾದರಿಯನ್ನೂ ಪಕ್ಕಪಕ್ಕ ಇಟ್ಟೆವು. ಸುಳ್ಳೇಕೆ ಹೇಳಲಿ, ನೋಡಲು ಅವಳದೇ ಚೆಂದ. ಅದರ ಕಪ್ಪಿನಲ್ಲೊಂದು ಬಿಸುಪಿತ್ತು. ಭಾಯಿಯ ಕಣ್ಣು ಅತ್ತಲೇ ಹೊರಳುತ್ತಿತ್ತು. ನಾನು ಮೊದಲೇ ಯೋಚಿಸಿಕೊಂಡು ಬಂದಿದ್ದೆ. ಕುಡಿಯುವ ನೀರಿನ ಲೋಟದಲ್ಲಿ ಬೆರಳದ್ದಿ ಎರಡರ ಮೇಲೂ ಒಂದೊಂದು ಹನಿ ಬಿಟ್ಟೆ. ದೀಪದ ಕಪ್ಪು ನೀರಿಗೆ ಕದಡುತ್ತದೆ. ಅವಳ ಅಕ್ಷರ ಕದಡಿ ಕಣ್ಣಿನ ಕಾಡಿಗೆಯಂತೆ ಇಳಿಯಿತು. ನನ್ನದು ಅಲುಗಲಿಲ್ಲ.

"ಮಳಿಗಾಲ, ಭಾಯಿ. ಸ್ಟೇಜಿನ ಮ್ಯಾಲ ಹಸಿ ಹೂವಿನ ಹಾರ, ಅದು ಇದು," ಅಂದೆ. ಒಳಗೊಳಗೆ ಕುಣಿಯುತ್ತಿದ್ದೆ.

ಅವಳು ತನ್ನ ಕದಡಿದ ಅಕ್ಷರವನ್ನು ಒಂದು ಕ್ಷಣ ನೋಡಿದಳು. ಆಮೇಲೆ ನನ್ನದನ್ನು ಎತ್ತಿ ಬೆಳಕಿಗೆ ಹಿಡಿದಳು. "ಬರದು ಎಷ್ಟ ದಿನ ಆತ್ರಿ ಅಕ್ಕಾರ ಇದನ್ನ?"

"ನಾಕ ದಿನ. ಯಾಕ?"

"ಏನಿಲ್ರಿ, ಕೇಳಿದೆ ಅಷ್ಟ. ಆತು, ನಿಮ್ಮ ಮಸಿನಽ ಇರ್ಲಿ."

ಕುಹಕವೆಂದುಕೊಂಡೆ. ಸೋತವಳ ಕೊಂಕು ಎಂದುಕೊಂಡೆ. ಒಂದು ಬಾಟಲಿ ಮಸಿ ತುಂಬಿಸಿ ಅವಳ ಕೈಗಿಟ್ಟಾಗ ಪ್ರಸಾದ ಕೊಟ್ಟಷ್ಟು ಗತ್ತು ನನಗೆ.

ಭಾಯಿ ದಪ್ಪನೆಯ ಕೈಕಾಗದದ ಎರಡೇ ಹಾಳೆ ತರಿಸಿದ್ದ. ಒಂದು ಬರೆಯಲು, ಇನ್ನೊಂದು ಕೆಟ್ಟರೆ ಇರಲೆಂದು. ಮೊದಲು ನಾನು ಬರೆದೆ. ಕನ್ನಡದ ಅಕ್ಷರ ದುಂಡು. ನಿಬ್ಬಿನಲ್ಲಿ ಮಸಿ ಹೆಚ್ಚಾದರೆ "ಮ", "ಯ"ಗಳ ಹೊಟ್ಟೆ ತುಂಬಿ ಮುಚ್ಚಿಹೋಗುತ್ತದೆ. ಪ್ರತಿ ಸಲ ಅದ್ದಿದಾಗ ದೌತಿಯ ಬಾಯಿಗೆ ನಿಬ್ಬಿನ ಬೆನ್ನು ಒರೆಸಿ, ರದ್ದಿ ಕಾಗದದ ಮೇಲೆ ಒಂದು ಗೆರೆ ಎಳೆದು, ಆಮೇಲೆ ಹಾಳೆ ಮುಟ್ಟಬೇಕು. ನಾಲ್ಕು ದಿನ, ಹನ್ನೆರಡು ಸಾಲು. ಜಾಗ ಸಾಲದೆ ಕೊನೆಯ ಐದು ಸಾಲು ಒತ್ತೊತ್ತಾದವು. ಎರಡು ಪ್ಲೈವುಡ್ಡಿನ ನಡುವೆ ಕಟ್ಟಿ ಭಾಯಿ ಹಾಳೆಯನ್ನು ಹಳಿಯಾಳಕ್ಕೆ ಒಯ್ದ. ವಾರದಲ್ಲಿ ಉರ್ದು ತುಂಬಿ ವಾಪಸ್ಸು ಬಂತು. ಕಟ್ಟು ಬಿಚ್ಚಿ ಅವಳ ಕೈ ನೋಡುವ ಮನಸ್ಸಾಗಲಿಲ್ಲ. ಕಪಾಟಿನ ಮೇಲೆ ಹಾಗೇ ಇಟ್ಟೆ.

ಸತ್ಕಾರಕ್ಕೆ ಆರು ದಿನ ಇದ್ದಾಗ ಅಂಚಿಗೆ ಕೆಂಪು ಗೆರೆ ಎಳೆಯಲೆಂದು ಬಿಚ್ಚಿದೆ. ನನ್ನ ಒಂದೊಂದು ಅಕ್ಷರದ ಸುತ್ತಲೂ ಕಂದು ಬಣ್ಣದ ನೆರಳು. ಚಹಾ ಚೆಲ್ಲಿ ಒರೆಸಿದ ಹಾಗೆ. ಅಳಲೆಯ ರಸಕ್ಕೆ ಹಿಡಿಯುವಷ್ಟು ಹಿಡಿದು ಮಿಕ್ಕಿದ ಕಬ್ಬಿಣ, ಮಳೆಗಾಲದ ಥಂಡಿಗೆ ಕಾಗದದಲ್ಲಿ ಹರಿದು ತುಕ್ಕಾಗಿತ್ತು. ಕಪ್ಪು ಹೆಚ್ಚಲಿ ಎಂದು ಕಡಾಯಿಗೆ ಸುರಿದದ್ದು, ಹರಳು ಹೆಚ್ಚು ಹಾಕಿದ್ದು, ಎಲ್ಲ ಹೊರಗೆ ಬಂದು ನಿಂತಿತ್ತು. ಬರೆದು ಎಷ್ಟು ದಿನವಾಯಿತೆಂದು ಅವಳು ಯಾಕೆ ಕೇಳಿದ್ದಳೆಂದು ಈಗ ತಿಳಿಯಿತು.

ಬಲಗಡೆ ಕಣ್ಣು ಹೋಯಿತು. ಅವಳದು ಇನ್ನೂ ಕೆಟ್ಟಿತ್ತು! ಬೊರಿನ ಕಲಮು ಮಸಿ ಹೆಚ್ಚು ಬಿಡುತ್ತದೆ. ಅದರ ಗೆರೆಗಳಲ್ಲಿ ಕಂದು ಹಾಳೆಯ ಬೆನ್ನಿಗೂ ಇಳಿದಿತ್ತು. ನನ್ನ ಮೊದಲ ಭಾವನೆ ಏನೆಂದು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ: ಖುಷಿ. ನೋಡಿದವರು ಉರ್ದು ಭಾಗ ಹೆಚ್ಚು ಹಾಳಾಗಿದೆ ಅನ್ನುತ್ತಾರೆ. ಸ್ವಂತ ಮೂಗು ಕೊಯ್ದುಕೊಂಡು ಎದುರಿನವಳಿಗೆ ಅಪಶಕುನ ಮಾಡಿದವಳ ಖುಷಿ ಅದು.

ಮುಂದಿನ ಯೋಚನೆಯೂ ಒಳ್ಳೆಯದಲ್ಲ. ಸುಮ್ಮನೆ ಕಾಜು ಹಾಕಿಸಿಬಿಡೋಣ. ಸ್ಟೇಜಿನ ದೀಪಕ್ಕೆ ಯಾರಿಗೂ ಕಾಣುವುದಿಲ್ಲ. ಸರ್‌ಗೆ ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದು ಅರ್ಧ. ಅಕ್ಷರ ಅವರಿಗೆ ಗೊತ್ತಾಗುವುದಿಲ್ಲ.

ಹಾಗೆ ಅಂದುಕೊಳ್ಳುತ್ತಲೇ ಹಾಳೆಯನ್ನು ನೋಡುತ್ತ ಕೂತೆ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಉರ್ದು ಸಾಲು ಓರೆಯಾಗಿ ಮೇಲಿಂದ ಇಳಿಯುತ್ತದೆ, ಅದಕ್ಕೆ ಎತ್ತರ ಬೇಕು. ನನ್ನ ಕೊನೆಯ ಐದು ಸಾಲು ಒತ್ತೊತ್ತಾಗಿದ್ದವಲ್ಲ, ಅವಳು ತನ್ನ ಸಾಲುಗಳನ್ನೂ ಅಷ್ಟಕ್ಕೇ ಒತ್ತಿದ್ದಳು. ಹೊಸದಾಗಿ ಸಣ್ಣ ಕಲಮು ಕೆತ್ತಿಕೊಂಡು, ಅಕ್ಷರ ಕುಗ್ಗಿಸಿ, ನನ್ನ ಪ್ರತಿ ಸಾಲಿನ ಎದುರಿಗೆ ತನ್ನ ಸಾಲು ಬರುವಂತೆ ಪೆನ್ಸಿಲ್ ಗೆರೆ ಹಾಕಿ ಬರೆದಿದ್ದಳು. ಸರಾಗ ಜಾಗ ಬಿಟ್ಟು ಬರೆದಿದ್ದರೆ ನನ್ನ ಇಕ್ಕಟ್ಟು ಎದ್ದು ಕಾಣುತ್ತಿತ್ತು. ಅದನ್ನು ಮುಚ್ಚಲು ತನ್ನ ಅಕ್ಷರದ ಚೆಲುವನ್ನೇ ಕಳೆದುಕೊಂಡಿದ್ದಳು. ನಾನಾಗಿದ್ದರೆ? ಖಂಡಿತ ಮಾಡುತ್ತಿರಲಿಲ್ಲ. ಇನ್ನಷ್ಟು ಅಗಲ ಬರೆಯುತ್ತಿದ್ದೆ.

ಮರುದಿನ ಹಾಳೆ ಕಟ್ಟಿಕೊಂಡು ಹಳಿಯಾಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಅವಳು ಏನಾದರೂ ಚುಚ್ಚಿ ಮಾತಾಡಲಿ ದೇವರೇ, ಅಷ್ಟಾದರೂ ನನಗೆ ಸಮಾಧಾನವಾಗಲಿ ಎಂದು ಬೇಡಿಕೊಂಡೆ. ಅವಳು ಶಾಲೆಯಿಂದ ಆಗಷ್ಟೇ ಬಂದಿದ್ದಳು. ಹಾಳೆ ಬಿಚ್ಚಿದೆ.

"ನನ್ನ ಮಸಿ ಕೈ ಕೊಡ್ತು, ಟೀಚರ್. ಕಬ್ಬಿಣ ಹೆಚ್ಚಾತು. ನಿಮ್ಮ ಮಸೀಲೆ ಮತ್ತ ಬರ್ಯೂಣು," ಅಂದೆ.

ಹಾಳೆ ಮಗುಚಿ ಬೆನ್ನಿನ ಕಂದನ್ನು ಬೆರಳಿನಿಂದ ಸವರಿದಳು. ವಾರದ ಕೆಲಸ ಅವಳದೂ ಹೋಗಿತ್ತಲ್ಲ. "ಇನ್ನೊಂದ ಹಾಳಿ ತಂದೀರೇನ್ರಿ?" ಎಂದಷ್ಟೇ ಕೇಳಿದಳು.

"ತಂದೇನಿ."

"ಹಂಗಾರ ಕುಂದರ್ರಿ. ಮೊದಲ ಚಹಾ ಕುಡೀರಿ."

ಮೂರು ದಿನ ಹಳಿಯಾಳಕ್ಕೆ ಓಡಾಡಿದೆ. ಅವಳು ಶಾಲೆಗೆ ರಜೆ ಹಾಕಿದಳು. ಒಂದೇ ಮೇಜು, ಅವಳು ಬರೆಯುವಾಗ ನಾನು ಮಸಿ ಅರೆಯುವುದು, ನಾನು ಬರೆಯುವಾಗ ಅವಳು. ಈ ಸಲ ಮೊದಲು ಇಬ್ಬರೂ ಕೂತು ಸಾಲು ಎಣಿಸಿ ಪೆನ್ಸಿಲ್ ಗೆರೆ ಎಳೆದೆವು. ಆದರೂ ಮೊದಲ ಸಾಲಿನಲ್ಲೇ ಎಡವಟ್ಟು. ಕಲಮಿನಲ್ಲಿ ಉರ್ದು ಬರೆಯುವವರ ದೌತಿಯೊಳಗೆ ರೇಷ್ಮೆ ದಾರದ ಒಂದು ಉಂಡೆ ಇರುತ್ತದೆ. ಕಲಮನ್ನು ಅದಕ್ಕೆ ಒತ್ತಿದರೆ ಬೇಕಾದಷ್ಟೇ ಮಸಿ ಹತ್ತುತ್ತದೆ. ನನ್ನ ಉಕ್ಕಿನ ನಿಬ್ಬು ಅದರ ಎಳೆಯೊಂದನ್ನು ಸೀಳಿನಲ್ಲಿ ಕಚ್ಚಿಕೊಂಡು ಬಂತು. ರದ್ದಿಯ ಮೇಲೆ ಗೆರೆ ಎಳೆಯುವ ಚಟ ಇದ್ದದ್ದಕ್ಕೆ ಹಾಳೆ ಉಳಿಯಿತು.

"ಅದ್ದಬ್ಯಾಡ್ರಿ ಅಕ್ಕಾರ. ಬ್ರಷ್‌ಲೆ ನಿಬ್ಬಿನ ಹೊಟ್ಟಿಗೆ ಮಸಿ ತುಂಬ್ರಿ," ಅಂದಳು. ಹಾಗೇ ಮಾಡಿದೆ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು ನಿಬ್ಬು. "ಮ"ಕಾರದ ಹೊಟ್ಟೆ ಒಂದೂ ಮುಚ್ಚಲಿಲ್ಲ. ಜೀವನದಲ್ಲಿ ಅಷ್ಟು ಒಳ್ಳೆಯ ಅಕ್ಷರ ನಾನು ಬರೆದಿಲ್ಲ. ಅದೂ ಅವಳ ಮಸಿಯಲ್ಲಿ ಎಂದು ಪ್ರತಿ ಅಕ್ಷರಕ್ಕೂ ಹೊಟ್ಟೆ ಉರಿಯಿತು. ಗೋಂದು ಎಷ್ಟು, ಕಾಡಿಗೆ ಎಷ್ಟು ಎಂದು ಕೇಳಲು ಮಾತು ಬಾಯಿಗೆ ಬಂದರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು, ಅದೇ ಕಷ್ಟ.

ಸತ್ಕಾರದ ದಿನ ಕಾರ್ಯಕ್ರಮಕ್ಕೆ ಮುಂಚೆ ಶಾಲೆಯ ಸ್ಟಾಫ್ ರೂಮಿನಲ್ಲಿ ಭಾಯಿ ಚೌಕಟ್ಟಿಗೆ ಕಾಜು ಕೂರಿಸುತ್ತಿದ್ದ. ಸರ್ ಬಂದವರು "ಕಾಜು ಆಮ್ಯಾಲ ಹಾಕು. ಹಾಳಿ ಕೊಡಿಲ್ಲೆ," ಅಂದರು. ಕುರ್ಚಿಯಲ್ಲಿ ಕೂತು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. ಅಕ್ಷರ ಓದಲಾಗದು, ಕಪ್ಪು ಕಾಣುತ್ತಿತ್ತು. ಮೂಸಿ ನೋಡಿದರು. ಬೆರಳ ತುದಿಯಿಂದ ಒಂದು ಸಾಲು ಸವರಿದರು. ಅವರ ಮುಖ ಮಗುವಿನ ಹಾಗೆ ಅರಳಿತು.

"ಛಲೋ ಆಗೈತಿ," ಅಂದರು. "ಭಾಳ ಛಲೋ ಆಗೈತಿ. ಇಂಥಾ ಮಸಿ ನಾನೂ ಮಾಡಿಲ್ಲ. ಯಾರು ಮಾಡಿದ್ರವಾ?"

ಅವರ ಮುಖ ನನ್ನತ್ತ ಇತ್ತು. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

"ನಾನಽ ಮಾಡಿದ್ದು, ಸರ್," ಅಂದೆ.

ಹೇಗೆ ಬಂತೋ ಆ ಮಾತು, ದೇವರಾಣೆ ಗೊತ್ತಿಲ್ಲ. ನಾಲಿಗೆ ಕಚ್ಚಿಕೊಳ್ಳುವುದರೊಳಗೆ ಆಡಿ ಮುಗಿದಿತ್ತು. ಭಾಯಿ ಸುತ್ತಿಗೆ ಹಿಡಿದವನು ಹಾಗೇ ನಿಂತ. ಸರ್ ಬಿಡಲಿಲ್ಲ, ಮಾಸ್ತರಿಕೆ ಎಲ್ಲಿಗೆ ಹೋಗಬೇಕು? "ಹೌದಾ? ಗೋಂದು ಎಷ್ಟು ಹಾಕ್ದಿ?" ಅಂದರು.

ನನಗೆ ಗೊತ್ತಿರಲಿಲ್ಲ. ಆಗ ನನ್ನ ಕಿವಿಯ ಹತ್ತಿರ, ಅವರಿಗೆ ಕೇಳಿಸದಷ್ಟು ಸಣ್ಣಗೆ, ಅವಳ ದನಿ: "ಒಂದ ಪಾಲು ಕಾಡಿಗಿಗೆ ಎರಡ ಪಾಲು ಗೋಂದು ಅನ್ರಿ."

"ಒಂದಕ್ಕ ಎರಡು ಪಾಲು, ಸರ್," ಅಂದೆ.

"ಬರೋಬರಿ!" ಎಂದು ಸರ್ ಕೈ ಎತ್ತಿ ನನ್ನ ತಲೆಯ ಮೇಲಿಟ್ಟರು. ಎಷ್ಟು ವರ್ಷ ಬೇಡಿದ ಕೈ ಅದು. ಅದರ ಭಾರಕ್ಕೆ ನನ್ನ ಕುತ್ತಿಗೆ ಬಗ್ಗಿತು. ಅವಳು ಪಕ್ಕದಲ್ಲಿ ನಿಂತು ನಿಜವಾಗಿಯೂ ನಗುತ್ತಿದ್ದಳು.

ಸಂಜೆ ಹಳಿಯಾಳದ ಬಸ್ಸಿಗೆ ಅವಳನ್ನು ಬಿಡಲು ಹೋದೆ. "ಯಾಕ ಹಂಗ ಹೇಳಿಕೊಟ್ರಿ?" ಎಂದು ಕೇಳಿದೆ. ದನಿಯಲ್ಲಿ ಕೃತಜ್ಞತೆ ಇರಲಿಲ್ಲ, ಜಗಳವಿತ್ತು.

"ಸರ್ ಎಷ್ಟ ಖುಷಿ ಆದ್ರು ನೋಡಿದ್ರಿಲ್ಲೋ," ಅಂದಳು. "ಅಲ್ಲಿ ನಿಮ್ಮನ್ನ ಸಿಕ್ಕಿಸಿ ಹಾಕಿದ್ರ ನಂಗೇನ್ ಸಿಗ್ತಿತ್ರಿ, ಅಕ್ಕಾರ?"

ಬಸ್ಸು ಹೋಯಿತು. ಅವಳ ಕೈಯ ಮೇಲೆ ಹೊಟ್ಟೆಕಿಚ್ಚಿತ್ತು, ಅವಳ ಮಸಿಯ ಮೇಲೆ ಇತ್ತು. ಅವೆರಡನ್ನಾದರೂ ಅರೆದು, ಅರೆದು ನಾನೂ ಸಾಧಿಸಿಯೇನು. ಆದರೆ ಅವಳು ಈಗ ಆಡಿಹೋದ ಆ ಮಾತು ಅಷ್ಟು ಸಲೀಸಾಗಿ ನನ್ನ ಬಾಯಲ್ಲಿ ಯಾವ ಜನ್ಮಕ್ಕೂ ಬರುವುದಿಲ್ಲ. ಈಗ ಕಿಚ್ಚು ಅದರ ಮೇಲೆ.

ತಿಂಗಳಾಯಿತು. ತಲೆಯ ಮೇಲೆ ಸರ್ ಇಟ್ಟ ಆ ಕೈ ಇನ್ನೂ ಇದೆ, ಇಳಿಯುತ್ತಿಲ್ಲ. ಬಾಯಿಬಿಟ್ಟು ಹೇಳಹೋದರೆ ನಡುವೆ ಮಾತು ತಿರುಚುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಮೊದಲಿನಿಂದ ಕೊನೆಯವರೆಗೆ ಇದನ್ನು ಬರೆದಿಟ್ಟಿದ್ದೇನೆ. ಸರ್ ಓದಲಾರರು, ನಾನೇ ಓದಿ ಹೇಳಬೇಕು. ನಾಳೆ ಭಾನುವಾರ ಹತ್ತು ಗಂಟೆಗೆ ಬರುತ್ತೇನೆಂದು ಅವರಿಗೆ ಫೋನು ಮಾಡಿದೆ. ಆಮೇಲೆ ಹಳಿಯಾಳಕ್ಕೂ ಮಾಡಿದೆ.

"ಏನ್ ವಿಶೇಷರಿ ಅಕ್ಕಾರ?" ಎಂದು ಕೇಳಿದಳು.

"ನೀವು ಬರ್ರಿ," ಅಂದೆ. "ನೀವು ಎದುರಿಗೆ ಇಲ್ಲದಿದ್ರ ನಾ ಮತ್ತ ಸುಳ್ಳು ಹೇಳ್ತೇನಿ."